ರ್‍ಯಾಮ್ ಸಾಲದು ಅನ್ನುವ ಮೊದಲು

‘ಹದಿನಾರು ಜಿಬಿ ಇಲ್ಲದಿದ್ದರೆ ಈ ಫೀಲ್ಡಿಗೆ ಬರಲೇಬೇಡಿ.’ ತರಬೇತಿ ಕೇಂದ್ರದ ಮೇಷ್ಟ್ರು ಹೀಗೆ ಹೇಳಿದ್ದು ಕೋರ್ಸಿನ ಮೂರನೇ ವಾರದಲ್ಲಿ. ಶುಲ್ಕ ಕಟ್ಟಿಸಿಕೊಳ್ಳುವಾಗ ಈ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ನನ್ನದು 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್. ಬಿಸಿಎ ಸೇರುವಾಗ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಮಾಡಿ ಕೊಡಿಸಿದ್ದು. ಸಾಲ ತೀರಿ ಇನ್ನೂ ವರ್ಷವಾಗಿಲ್ಲ.

ಆಗಿದ್ದಿಷ್ಟು. ಅಭ್ಯಾಸಕ್ಕೆಂದು ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ಲಿನಕ್ಸ್ ಯಂತ್ರಗಳನ್ನು ಒಟ್ಟಿಗೆ ಓಡಿಸಬೇಕಿತ್ತು. ಮೊದಲನೆಯದು ಹೇಗೋ ಎದ್ದು ನಿಂತಿತು. ಎರಡನೆಯದನ್ನು ಆನ್ ಮಾಡಿದೆ ನೋಡಿ, ಮೌಸ್ ಕೂಡ ಅಲ್ಲಾಡಲಿಲ್ಲ. ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ಉಳಿದ ದಾರಿ. ಅಂಗಡಿಯಲ್ಲಿ ವಿಚಾರಿಸಿದರೆ, ಈ ಮಾಡೆಲ್‌ನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿದೆ, ಹೆಚ್ಚಿಸಲು ಬರುವುದಿಲ್ಲ, ಹೊಸದನ್ನೇ ಕೊಳ್ಳಿ ಎಂದರು.

ಕೊಳ್ಳುವ ಶಕ್ತಿ ಇರಲಿಲ್ಲ. ಹಾಗಾಗಿಯೇ ಲೆಕ್ಕ ಹಾಕಲು ಕುಳಿತೆ. ಎಂಟರಲ್ಲಿ ಗ್ರಾಫಿಕ್ಸ್ ತನ್ನ ಪಾಲು ತೆಗೆದಿಟ್ಟ ಮೇಲೆ ಉಳಿದದ್ದು ಏಳು ಚಿಲ್ಲರೆ. ವಿಂಡೋಸ್, ಆಂಟಿವೈರಸ್ ಸೇರಿ ಮೂರೂವರೆ. ಬ್ರೌಸರಿನಲ್ಲಿ ನಾನು ಮುಚ್ಚದೇ ಬಿಟ್ಟಿದ್ದ ಟ್ಯಾಬ್‌ಗಳಿಗೆ ಒಂದೂವರೆ. ಪ್ರತಿ ವರ್ಚುವಲ್ ಯಂತ್ರಕ್ಕೂ ನಾನೇ ಧಾರಾಳವಾಗಿ ಬರೆದುಕೊಟ್ಟಿದ್ದು 4 ಜಿಬಿ. ಒಂದೇ ಯಂತ್ರಕ್ಕೇ ಲೆಕ್ಕ ಮೀರಿತ್ತು! ಮಿಕ್ಕಿದ್ದನ್ನು ವಿಂಡೋಸ್ ಹಾರ್ಡ್‌ಡಿಸ್ಕಿಗೆ ತುರುಕುತ್ತಿತ್ತು, ಮತ್ತೆ ಎಳೆದುಕೊಳ್ಳುತ್ತಿತ್ತು. ಇದನ್ನೇ ‘ಥ್ರ್ಯಾಷಿಂಗ್’ ಎನ್ನುತ್ತಾರೆ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಇದಕ್ಕೆ ಎರಡು ಪುಟ ಉತ್ತರ ಬರೆದು ಬಂದವನು ನಾನು. ಅದು ನನ್ನ ಕಣ್ಣೆದುರೇ ನಡೆಯುತ್ತಿದ್ದರೂ ಗುರುತು ಸಿಗಲಿಲ್ಲ.

ಇನ್ನೊಂದು ಗೊಂದಲವೂ ಇತ್ತು. ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ವರ್ಚುವಲ್‌ಬಾಕ್ಸ್ ಹೆಸರಿನ ಮುಂದೆ ಬರೀ ನೂರಿನ್ನೂರು ಎಂಬಿ ಕಾಣುತ್ತಿತ್ತು. ಆದರೆ ಒಟ್ಟು ಮೆಮೊರಿ ಶೇ 95 ದಾಟಿತ್ತು. ಕದ್ದವರು ಯಾರು? ವರ್ಚುವಲ್ ಯಂತ್ರದ ರ್‍ಯಾಮನ್ನು ಹಿಡಿದಿಡುವುದು ಅದರ ಡ್ರೈವರ್, ಆದ್ದರಿಂದ ಅದು ಪಟ್ಟಿಯಲ್ಲಿ ಪೂರ್ತಿ ಕಾಣುವುದಿಲ್ಲ. ಒಟ್ಟು ಬಳಕೆ ನೋಡಲು ‘ಪರ್ಫಾರ್ಮೆನ್ಸ್’ ಪುಟಕ್ಕೇ ಹೋಗಬೇಕು.

ಒಳಗಿನ ಲಿನಕ್ಸ್‌ನಲ್ಲಿ ‘ಫ್ರೀ’ ಎಂಬ ಕಮಾಂಡ್ ಕೊಟ್ಟೆ. ‘ಫ್ರೀ’ ಕಾಲಂನಲ್ಲಿ 150 ಎಂಬಿ, ‘ಅವೈಲಬಲ್’ ಕಾಲಂನಲ್ಲಿ ಎರಡೂವರೆ ಜಿಬಿಗೂ ಹೆಚ್ಚು. ಖಾಲಿ ಬಿದ್ದ ರ್‍ಯಾಮ್‌ನಲ್ಲಿ ಲಿನಕ್ಸ್ ತಾನು ಓದಿದ ಫೈಲುಗಳನ್ನು ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ಒಳಗೆ ಇದು ಜಾಣತನವೇ. ಆದರೆ ಹೊರಗಿನ ವಿಂಡೋಸ್‌ಗೆ ಅದು ತಿಳಿಯಬೇಕಲ್ಲ? ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಇದು. ಕೂತವರಿಲ್ಲ, ಆದರೆ ಬೇರೆಯವರು ಕೂರುವಂತೆಯೂ ಇಲ್ಲ. ನಾಲ್ಕು ಜಿಬಿ ಕೊಟ್ಟರೆ ನಿಧಾನವಾಗಿ ನಾಲ್ಕಕ್ಕೂ ಟವೆಲ್ ಬೀಳುತ್ತದೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಡೆಸ್ಕ್‌ಟಾಪ್ ಇರುವ ಉಬುಂಟು ತೆಗೆದು, ಬರೀ ಕಮಾಂಡ್‌ಲೈನ್ ಇರುವ ಸರ್ವರ್ ಆವೃತ್ತಿ ಹಾಕಿದೆ. ಎಸ್‌ಎಸ್‌ಎಚ್ ಮೂಲಕ ವಿಂಡೋಸ್‌ನಿಂದಲೇ ಒಳಹೊಕ್ಕೆ. ಅತ್ಯುತ್ಸಾಹದಲ್ಲಿ ತಲಾ 512 ಎಂಬಿ ಕೊಟ್ಟಿದ್ದೆ. ಡೇಟಾಬೇಸ್ ಹಾಕಿದ ಸ್ವಲ್ಪ ಹೊತ್ತಿಗೆ, ಮೆಮೊರಿ ಸಾಲದೆ ಲಿನಕ್ಸೇ ಅದನ್ನು ಕೊಂದುಹಾಕಿತು. ಜಿಪುಣತನಕ್ಕೂ ಮಿತಿ ಬೇಕು. ಈಗ ತಲಾ 1 ಜಿಬಿ. ಎರಡೂ ಓಡುತ್ತಿವೆ, ಬ್ರೌಸರಿನಲ್ಲಿ ಪಾಠದ ವಿಡಿಯೊ ಕೂಡ.

ಪಿಜಿಯ ಪಕ್ಕದ ರೂಮಿನವನಿಗೆ ಡಾಕರ್ ಹಾಕಿದ ಮೇಲೆ ಇದೇ ಗೋಳು. ಅವನ ಪಟ್ಟಿಯಲ್ಲಿ ‘ವಿಎಂಮೆಮ್’ ಎಂಬುದು ಮೇಲೆಯೇ ಕೂತಿತ್ತು. ವೈರಸ್ ಅಂದುಕೊಂಡಿದ್ದ, ಪಾಪ! ವಿಂಡೋಸ್ ಒಳಗೆ ಓಡುವ ಲಿನಕ್ಸ್ ಅದು. ಮಿತಿ ಹಾಕದಿದ್ದರೆ ಈಗಿನ ಆವೃತ್ತಿಗಳಲ್ಲಿ ಅರ್ಧ ರ್‍ಯಾಮ್‌ನವರೆಗೂ ಬೆಳೆಯಬಲ್ಲದು. ಯೂಸರ್ ಫೋಲ್ಡರಿನಲ್ಲಿ ಪುಟ್ಟ ಕಾನ್ಫಿಗ್ ಫೈಲ್ ಇಟ್ಟು 2 ಜಿಬಿ ಮಿತಿ ಬರೆದು, ಆ ಲಿನಕ್ಸನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಅಷ್ಟೇ.

ಎಲ್ಲ ಕೆಲಸವೂ 8 ಜಿಬಿಯಲ್ಲಿ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆಂಡ್ರಾಯ್ಡ್ ಸ್ಟುಡಿಯೊದ ಜತೆ ಎಮ್ಯುಲೇಟರ್ ಓಡಿಸುವವರ ಕಷ್ಟ ನೋಡಿದ್ದೇನೆ. ಅಲ್ಲಿ ರ್‍ಯಾಮ್ ಬೇಕೇ ಬೇಕು. ಆದರೆ ಅದನ್ನು ಶುಲ್ಕದ ರಸೀದಿ ಬರೆಯುವ ಮೊದಲೇ ಹೇಳಲಿ, ಫಲಕದಲ್ಲಿ ಹಾಕಲಿ. ಕಾಲೇಜುಗಳೂ ಅಷ್ಟೇ. ಸಂಜೆ ಬೀಗ ಬೀಳುವ ಲ್ಯಾಬನ್ನು ಎರಡು ತಾಸು ತೆರೆದಿಟ್ಟರೆ ಎಷ್ಟೋ ಮನೆಗಳ ಸಾಲ ಉಳಿದೀತು. ‘ಪೇಜಿಂಗ್ ಎಂದರೇನು’ ಎಂದು ಕೇಳುವ ಪರೀಕ್ಷೆಯಲ್ಲಿ, ತೆವಳುತ್ತಿರುವ ಕಂಪ್ಯೂಟರೊಂದನ್ನು ಮುಂದಿಟ್ಟು ‘ಏಕೆ ಹೀಗೆ, ಹುಡುಕು’ ಎಂದು ಒಮ್ಮೆಯಾದರೂ ಕೇಳಬಾರದೇ?

ಕೇಳುವವರು ಬೇರೆ ಕಡೆ ಇದ್ದಾರೆ. ಕಳೆದ ತಿಂಗಳ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, ‘ಸರ್ವರ್‌ನಲ್ಲಿ ಮೆಮೊರಿ ಶೇ 90 ತೋರಿಸುತ್ತಿದೆ, ಏನು ಮಾಡ್ತೀರಿ?’ ರ್‍ಯಾಮ್ ಹೆಚ್ಚಿಸುತ್ತೇನೆ ಎನ್ನಲಿಲ್ಲ. ‘ಅವೈಲಬಲ್ ಎಷ್ಟಿದೆ, ನೋಡಬೇಕು ಸರ್’ ಎಂದೆ. ಅವರು ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು. ಎರಡನೇ ಸುತ್ತಿನಲ್ಲಿ ನೆಟ್‌ವರ್ಕಿಂಗ್ ಪ್ರಶ್ನೆಗಳಿಗೆ ಮುಗ್ಗರಿಸಿದೆ, ಅದು ಬೇರೆ ಮಾತು.

ಸಂಘದ ಮುಂದಿನ ಸಭೆಯಲ್ಲಿ ಮತ್ತೆ ಸಾಲ ಕೇಳಲೇ ಎಂದು ಅಮ್ಮ ಫೋನಿನಲ್ಲಿ ವಿಚಾರಿಸಿದಳು. ಸದ್ಯಕ್ಕೆ ಬೇಡಮ್ಮ ಎಂದಿದ್ದೇನೆ.