ನಂದಿ ಬೆಟ್ಟದಾಚೆಗೂ ತಲುಪಬೇಕಾದ ದನಿ: ಪುಟ್ಟ ವಿಮಾನಕ್ಕೆ ಎಂಥ ರೇಡಿಯೋ ಬೇಕು?

ಬೆಂಗಳೂರಿನ ಉತ್ತರ ಭಾಗದ ಆಕಾಶ ಈಗ ರಾಜ್ಯದಲ್ಲೇ ಅತಿ ದಟ್ಟಣೆಯ ಆಕಾಶ. 2008ರ ಮೇ 24ರಂದು ದೇವನಹಳ್ಳಿ ಬಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿತು. ಅದರ ದಕ್ಷಿಣಕ್ಕೆ ಯಲಹಂಕದ ವಾಯುಪಡೆ ನೆಲೆಯಿದೆ. ಇನ್ನೂ ಸ್ವಲ್ಪ ದಕ್ಷಿಣಕ್ಕೆ, 1940ರ ದಶಕದ ಕೊನೆಯಿಂದಲೂ ವೈಮಾನಿಕ ತರಬೇತಿಗೆ ಹೆಸರಾದ ಜಕ್ಕೂರು ಏರೋಡ್ರೋಮ್ ಇದೆ. ನೂರಾರು ಪ್ರಯಾಣಿಕರನ್ನು ಹೊತ್ತ ಜೆಟ್‌ಗಳು, ಯುದ್ಧವಿಮಾನಗಳು, ಇಬ್ಬರೇ ಕೂರಬಹುದಾದ ತರಬೇತಿ ವಿಮಾನಗಳು ಇಷ್ಟೇ ಜಾಗದ ಮೇಲಿನ ಆಕಾಶವನ್ನು ಹಂಚಿಕೊಳ್ಳಬೇಕಾಗಿದೆ.

ಈ ಹಂಚಿಕೆ ಎಷ್ಟು ಸೂಕ್ಷ್ಮವೆಂಬುದು 2022ರ ಜನವರಿ 7ರಂದು ಬಯಲಾಯಿತು. ದೇವನಹಳ್ಳಿಯ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೋ ಸಂಸ್ಥೆಯ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೇರಿ ಪರಸ್ಪರ ಸಮೀಪಿಸತೊಡಗಿದ್ದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜನರಿದ್ದರು. ರೇಡಾರ್ ಪರದೆಯ ಮುಂದಿದ್ದ ನಿಯಂತ್ರಕರು ಅಪಾಯವನ್ನು ಗುರುತಿಸಿ, ದಿಕ್ಕು ಬದಲಿಸುವಂತೆ ಸೂಚಿಸಿದ್ದರಿಂದ ಅನಾಹುತ ತಪ್ಪಿತು. ಕಂಡದ್ದು ರೇಡಾರ್‌ನಿಂದ, ಆ ಎಚ್ಚರಿಕೆ ಪೈಲಟ್‌ಗಳ ಕಿವಿ ಮುಟ್ಟಿದ್ದು ಸಂಪರ್ಕ ರೇಡಿಯೋದಿಂದ.

ದೊಡ್ಡ ವಿಮಾನಗಳಲ್ಲಿ ಒಂದು ರೇಡಿಯೋ ಕೈಕೊಟ್ಟರೆ ಮತ್ತೊಂದು ಇರುತ್ತದೆ. ಪುಟ್ಟ ವಿಮಾನದಲ್ಲಿ ಹಲವೊಮ್ಮೆ ಇರುವುದೇ ಒಂದು. ಆದ್ದರಿಂದ ಅದರ ಆಯ್ಕೆ ವಿಮಾನದ ಮಾಲೀಕರ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ. ಅದು ಅದೇ ಆಕಾಶದಲ್ಲಿರುವ ಎಲ್ಲರ ಸುರಕ್ಷತೆಯ ಪ್ರಶ್ನೆ.

ವ್ಯಾಟ್ ಲೆಕ್ಕ, ಬೆಟ್ಟದ ಲೆಕ್ಕ

ರೇಡಿಯೋ ಕೊಳ್ಳುವವರು ಮೊದಲು ಕೇಳುವುದು ಎಷ್ಟು ವ್ಯಾಟ್ ಶಕ್ತಿಯದು ಎಂಬುದನ್ನು. ಪುಟ್ಟ ವಿಮಾನಗಳ ಸೆಟ್‌ಗಳು ಸಾಮಾನ್ಯವಾಗಿ 6ರಿಂದ 16 ವ್ಯಾಟ್ ಶಕ್ತಿಯವು. ಆದರೆ ನಾಗರಿಕ ವಿಮಾನಗಳ ಧ್ವನಿ ಸಂಪರ್ಕಕ್ಕೆ ಮೀಸಲಾಗಿರುವ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ತರಂಗಗಳು ಬಹುಮಟ್ಟಿಗೆ ನೇರ ರೇಖೆಯಲ್ಲೇ ಸಾಗುತ್ತವೆ. ನೆಲದಿಂದ 1,000 ಅಡಿ ಎತ್ತರದಲ್ಲಿರುವ ವಿಮಾನದ ಮಾತು ಸಮತಟ್ಟಾದ ಪ್ರದೇಶದಲ್ಲಿ ಸುಮಾರು 70 ಕಿಲೋಮೀಟರ್ ಮುಟ್ಟಬಲ್ಲದು. 3,000 ಅಡಿಗೆ ಏರಿದರೆ ಸುಮಾರು 125 ಕಿಲೋಮೀಟರ್. ವ್ಯಾಟ್ ದುಪ್ಪಟ್ಟು ಮಾಡುವುದಕ್ಕಿಂತ ಎತ್ತರ ಹೆಚ್ಚಿಸಿಕೊಳ್ಳುವುದರಿಂದ ಆಗುವ ಪ್ರಯೋಜನವೇ ಹೆಚ್ಚು.

ಇನ್ನು ನಡುವೆ ಬೆಟ್ಟವಿದ್ದರೆ ಲೆಕ್ಕವೇ ಬೇರೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿ ಇದಕ್ಕೆ ಒಳ್ಳೆಯ ನಿದರ್ಶನ. ಬೆಂಗಳೂರಿಗೂ ಅದಕ್ಕೂ ಮಧ್ಯೆ ನಂದಿ, ಚನ್ನಗಿರಿ, ಸ್ಕಂದಗಿರಿಗಳ ಸಾಲು ಅಡ್ಡ ನಿಂತಿದೆ. ದೇವನಹಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದರೆ, ನಂದಿಯ ನೆತ್ತಿ 1,478 ಮೀಟರ್ ಎತ್ತರದಲ್ಲಿದೆ. ಎರಡರ ನಡುವಿನ ನೇರ ಅಂತರ ಸುಮಾರು 20 ಕಿಲೋಮೀಟರ್. ಶಿಖರದಿಂದ ಆಚೆಗೆ ಮತ್ತಷ್ಟೇ ದೂರದಲ್ಲಿ ಹಾರುವ ವಿಮಾನ, ನಿಲ್ದಾಣದ ಮಟ್ಟದಲ್ಲಿರುವ ಆಂಟೆನಾಗೆ ನೇರವಾಗಿ ಕಾಣಬೇಕಾದರೆ ಆ ಮಟ್ಟದಿಂದ 1,100 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರಬೇಕು. ಅದಕ್ಕಿಂತ ಕೆಳಗಿದ್ದರೆ ಬೆಟ್ಟದ ಅಂಚನ್ನು ಬಳಸಿಕೊಂಡು ಕ್ಷೀಣ ಧ್ವನಿ ಬಂದರೂ ಬರಬಹುದು. ಅದನ್ನು ನಂಬಿ ಹಾರುವಂತಿಲ್ಲ.

ಈ ತೊಂದರೆಯನ್ನು ಯಾವ ದುಬಾರಿ ಸೆಟ್ಟೂ ನಿವಾರಿಸಲಾರದು. ಮೇಲೇರುವುದು, ಇಲ್ಲವೇ ಎತ್ತರದಲ್ಲಿರುವ ಮತ್ತೊಂದು ವಿಮಾನದ ಮೂಲಕ ಸಂದೇಶ ದಾಟಿಸುವುದು ಇದಕ್ಕಿರುವ ಪರಿಹಾರ. ಆದ್ದರಿಂದ ವಿಮಾನ ಯಾವ ಪ್ರದೇಶದಲ್ಲಿ, ಎಷ್ಟು ಎತ್ತರದಲ್ಲಿ ಹಾರುತ್ತದೆ ಎಂಬುದನ್ನು ಮೊದಲು ಅರಿತು, ಬಳಿಕ ರೇಡಿಯೋದ ಬೆಲೆಪಟ್ಟಿ ನೋಡುವುದು ವಿವೇಕ.

ಒಬ್ಬರು ಮಾತಾಡಿದರೆ ಉಳಿದವರು ಮೌನ

ವಿಮಾನ ರೇಡಿಯೋಗಳು ಇಂದಿಗೂ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರದಂತೆ ಹಳೆಯ ಎಎಂ ವಿಧಾನವನ್ನೇ ಅನುಸರಿಸುತ್ತವೆ. ಇದಕ್ಕೆ ಕಾರಣವುಂಟು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ದನಿ ದುರ್ಬಲ ದನಿಯನ್ನು ಸಂಪೂರ್ಣ ನುಂಗಿಬಿಡುತ್ತದೆ. ಎಎಂನಲ್ಲಿ ಕೀರಲು ಸದ್ದು ಕೇಳಿಸಿ, ಮತ್ತೊಬ್ಬರು ಮಾತಾಡುತ್ತಿದ್ದಾರೆ ಎಂಬುದಾದರೂ ತಿಳಿಯುತ್ತದೆ. ಆದರೆ ಅಷ್ಟೇ ಸಾಲದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರೀಫ್ ದ್ವೀಪದಲ್ಲಿ ನಿಯಂತ್ರಕರ ಎಚ್ಚರಿಕೆಯೂ ಒಂದು ವಿಮಾನದ ಸಂದೇಶವೂ ಏಕಕಾಲಕ್ಕೆ ಹೊರಟು, ಮತ್ತೊಂದು ವಿಮಾನದಲ್ಲಿ ಆ ಕೀರಲು ಸದ್ದಾಗಿ ಮಾತ್ರ ಕೇಳಿಸಿದವು. ಎರಡು ಜಂಬೋ ಜೆಟ್‌ಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಸತ್ತರು. ಆ ದುರಂತಕ್ಕಿದ್ದ ಹಲವು ಕಾರಣಗಳಲ್ಲಿ ಇದೂ ಒಂದು.

ಪುಟ್ಟ ವಿಮಾನದಲ್ಲಿ ಮಾತಾಡುವ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡರೂ ಇಂಥದೇ ಅಪಾಯ. ಆ ವಿಮಾನದ ಎಂಜಿನ್ ಸದ್ದು ಇಡೀ ತರಂಗಾಂತರವನ್ನು ಆಕ್ರಮಿಸಿಕೊಂಡು ಉಳಿದವರೆಲ್ಲರ ಬಾಯಿ ಕಟ್ಟುತ್ತದೆ. ಗುಂಡಿ ಸಿಕ್ಕಿಕೊಂಡರೆ ಸುಮಾರು ಅರ್ಧ ನಿಮಿಷದ ಬಳಿಕ ಪ್ರಸಾರವನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಅನೇಕ ಹೊಸ ಸೆಟ್‌ಗಳಲ್ಲಿದೆ. ಒಂದೆರಡು ವ್ಯಾಟ್‌ಗಿಂತ ಈ ಸೌಲಭ್ಯಕ್ಕೆ ಬೆಲೆ ತೆರುವುದು ಲೇಸು.

ನಗರದ ಸಮೀಪ ಹಾರುವವರಿಗೆ ಇನ್ನೊಂದು ಪರೀಕ್ಷೆಯುಂಟು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ವಿಮಾನಯಾನದ ತರಂಗಗಳ ಕೆಳಗಿನ ಅಂಚಿಗೇ ಎಫ್‌ಎಂ ಪಟ್ಟಿ ಹೊಂದಿಕೊಂಡಿರುವುದರಿಂದ, ಪ್ರಬಲ ಪ್ರಸಾರ ಗೋಪುರಗಳ ಹಾವಳಿಯನ್ನು ರೇಡಿಯೋ ತಡೆದುಕೊಳ್ಳಬೇಕು. ಈ ತಡೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ನಿಯಮ 1998ರಿಂದ ಜಾರಿಯಲ್ಲಿದೆ. ಹಳೆಯ ಸೆಟ್ಟನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಖಚಿತಪಡಿಸಿಕೊಳ್ಳಬೇಕು.

ಪೆಟ್ಟಿಗೆಯ ಹೊರಗಿನ ದೋಷ

ರೇಡಿಯೋ ಕೆಟ್ಟಿತೆಂದು ದೂರು ಬಂದಾಗ ದೋಷ ರೇಡಿಯೋದಲ್ಲೇ ಇರಬೇಕೆಂದಿಲ್ಲ. ತೇವ ಹಿಡಿದ ಆಂಟೆನಾ ಬುಡ, ವರ್ಷಗಳಿಂದ ಬದಲಿಸದ ಕೇಬಲ್, ಸಡಿಲವಾದ ಹೆಡ್‌ಸೆಟ್ ಕೊಂಡಿ, ಅಗ್ಗದ ಮೊಬೈಲ್ ಚಾರ್ಜರ್ ಹೊಮ್ಮಿಸುವ ಗದ್ದಲ, ಇವೆಲ್ಲ ಶಂಕಿತರ ಪಟ್ಟಿಯಲ್ಲಿರುತ್ತವೆ. ಆಂಟೆನಾ ಸರಿಯಿಲ್ಲದಿದ್ದರೆ ಹೊಸ ಸೆಟ್ಟಿನ ಶಕ್ತಿಯೂ ಹೊರಹೋಗದೆ ಹಿಂದಕ್ಕೆ ಮರಳುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ತರಬೇತಿ ವಿಮಾನದ ಹೊಸ ಆವೃತ್ತಿ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿತು. ಇದರ ಒಡಲು ಲೋಹದ್ದಲ್ಲ, ಸಂಯುಕ್ತ ನಾರಿನದು. ಲೋಹದ ವಿಮಾನದಲ್ಲಿ ಮೈಯೇ ಆಂಟೆನಾಗೆ ಆಧಾರ ಫಲಕವಾಗುತ್ತದೆ. ಇಂಥ ಒಡಲಿನಲ್ಲಿ ಅದನ್ನು ಪ್ರತ್ಯೇಕವಾಗಿ ಒದಗಿಸಬೇಕು. ಒಂದು ವಿಮಾನದಲ್ಲಿ ಚೆನ್ನಾಗಿ ಕೆಲಸ ಮಾಡಿದ ರೇಡಿಯೋ ಮತ್ತೊಂದರಲ್ಲಿ ತೊದಲಿದರೆ ಆಶ್ಚರ್ಯಪಡಬೇಕಿಲ್ಲ.

ವಿದ್ಯುತ್ತಿನ ಮಾತೂ ಅಷ್ಟೇ ಮುಖ್ಯ. ಆಲ್ಟರ್ನೇಟರ್ ಕೈಕೊಟ್ಟರೆ ಬ್ಯಾಟರಿಯೇ ಗತಿ, ಮತ್ತು ರೇಡಿಯೋ ಹೆಚ್ಚು ವಿದ್ಯುತ್ ಸೆಳೆಯುವುದು ಮಾತಾಡುವಾಗಲೇ. ಪರವಾನಗಿ ಪಡೆದ ಕೈರೇಡಿಯೋ ಒಂದಿದ್ದು, ಅದನ್ನು ವಿಮಾನದ ಹೊರಗಿನ ಆಂಟೆನಾಗೆ ಜೋಡಿಸಲು ಅನುಕೂಲವಿದ್ದರೆ ಆ ಹೊತ್ತಿಗೆ ಅದೇ ಆಪದ್ಬಾಂಧವ. ಅದೂ ಇಲ್ಲದಾಗ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಸಂಖ್ಯೆ ಹೊಂದಿಸಿ, ನಿಯಂತ್ರಣ ಗೋಪುರದ ಬಣ್ಣದ ದೀಪಗಳನ್ನು ಅರಸುವ ಹಳೆಯ ಕ್ರಮವೇ ಉಳಿಯುತ್ತದೆ.

ಕನಿಷ್ಠ ದರವೆಂದರೇನು?

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ವೈಮಾನಿಕ ತರಬೇತಿ ಸಂಸ್ಥೆಗಳಿಗಾಗಿ ಆಯ್ದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಸೇರಿವೆ. ತರಬೇತಿ ಹೆಚ್ಚಿದಂತೆ ಅನನುಭವಿ ದನಿಗಳೂ ಆಕಾಶದಲ್ಲಿ ಹೆಚ್ಚುತ್ತವೆ. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವು ಪೈಲಟ್‌ಗಳ ರೇಡಿಯೋ ಪರವಾನಗಿಯ ಹೊಣೆಯನ್ನು ದೂರಸಂಪರ್ಕ ಇಲಾಖೆಯಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ವರ್ಗಾಯಿಸಿದೆ. ಮಾತಾಡುವವರ ಅರ್ಹತೆ ಈಗ ವಿಮಾನಯಾನದ ನಿಯಂತ್ರಕರ ಕೈಯಲ್ಲೇ ಇದೆ. ಮಾತು ಸಾಗಿಸುವ ಉಪಕರಣದ ಗುಣಮಟ್ಟಕ್ಕೂ ಅಷ್ಟೇ ಗಮನ ಸಲ್ಲಬೇಕು.

ಸರ್ಕಾರಿ ಸಂಸ್ಥೆಗಳು ಕೊಳ್ಳುವಾಗ ಕನಿಷ್ಠ ದರದ ನೆಪ ಹೇಳುವುದು ವಾಡಿಕೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿದ್ದು, ರಾಜ್ಯದ ಖರೀದಿಗಳಿಗೆ 1999ರ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಆದರೆ ಆ ಕಾಯ್ದೆ ಅತಿ ಅಗ್ಗದ ಪೆಟ್ಟಿಗೆಯನ್ನೇ ಕೊಳ್ಳಿರೆಂದು ಕಟ್ಟುಪಾಡು ವಿಧಿಸಿಲ್ಲ. ಟೆಂಡರ್ ದಾಖಲೆಯಲ್ಲಿ ಮೊದಲೇ ನಮೂದಿಸಿದ, ಅಳೆಯಬಹುದಾದ ಮಾನದಂಡಗಳ ಮೇಲೆ ಕನಿಷ್ಠ ದರವನ್ನು ನಿರ್ಧರಿಸಲು ಅದು ಅವಕಾಶ ನೀಡಿದೆ. ಹೊಸ ಆಂಟೆನಾ ಮತ್ತು ಕೇಬಲ್, ವಿಮಾನದಲ್ಲಿ ಜೋಡಿಸಿದ ಮೇಲಿನ ಪರೀಕ್ಷೆ, ದೇಶದೊಳಗೇ ದುರಸ್ತಿ, ಬಿಡಿಭಾಗಗಳ ಪೂರೈಕೆಯ ಅವಧಿ ಇವುಗಳನ್ನು ದಾಖಲೆಯಲ್ಲಿ ಸೇರಿಸದೆ, ತರುವಾಯ ಕಾಯ್ದೆಯನ್ನು ದೂಷಿಸುವುದರಲ್ಲಿ ಅರ್ಥವಿಲ್ಲ.

ಖಾಸಗಿ ಶಾಲೆಗಳಿಗೂ ಇದೇ ಮಾತು ಅನ್ವಯ. ಮಗನನ್ನೋ ಮಗಳನ್ನೋ ಪೈಲಟ್ ಮಾಡಲು ಸಾಲ ಮಾಡಿ ಲಕ್ಷಾಂತರ ರೂಪಾಯಿ ಕಟ್ಟುವ ಪೋಷಕರು ವಿಮಾನಗಳ ಸಂಖ್ಯೆ, ಹಾರಾಟದ ಗಂಟೆಗಳನ್ನು ವಿಚಾರಿಸುತ್ತಾರೆ. ವಿಮಾನದಲ್ಲಿ ಎಷ್ಟು ರೇಡಿಯೋಗಳಿವೆ, ಆಂಟೆನಾವನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದೂ ಅವರು ಕೇಳಬೇಕು. ಬೆಟ್ಟದ ಮರೆಯಲ್ಲಿ ಒಂಟಿಯಾಗಿ ಹಾರುವ ವಿದ್ಯಾರ್ಥಿಗೆ ನೆಲದೊಂದಿಗಿರುವ ನಂಟು ಆ ಒಂದು ದನಿಯೇ.