ಕಣ್ಣಿಗೆ ಕಾಣದ ಹೊಗೆಯ ಹದಿನೈದು ವರ್ಷ

ದೇಶದ ಹದಿಮೂರು ನಗರಗಳಲ್ಲಿ ಭಾರತ್ ಸ್ಟೇಜ್ (ಬಿಎಸ್) 4 ಎಂಬ ವಾಹನ ಮಾಲಿನ್ಯ ಮಾನದಂಡ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಬೆಂಗಳೂರು ಅವುಗಳಲ್ಲಿ ಒಂದು. ಆಗ ರಸ್ತೆಗಿಳಿದ ಡೀಸೆಲ್ ಕಾರುಗಳಿಗೆ ಹದಿನೈದು ವರ್ಷ ತುಂಬಿದೆ. ಕೆಎ 02, ಕೆಎ 04, ಕೆಎ 05 ಫಲಕದ ಆ ಕಾರುಗಳು ಆರ್‌ಟಿಒ ಮುಂದೆ ಸಾಲುಗಟ್ಟಿ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸಿಕೊಂಡು, ಇನ್ನೂ ಐದು ವರ್ಷ ಓಡಲು ಅನುಮತಿ ಪಡೆಯುತ್ತಿವೆ. ಅವುಗಳ ಬಾನೆಟ್ಟಿನ ಕೆಳಗೆ ಏನು ಉಳಿದಿದೆ, ಏನನ್ನು ಮುಚ್ಚಿ ಹಾಕಲಾಗಿದೆ ಎಂದು ಲೆಕ್ಕ ಹಾಕಬೇಕಾದ ಹೊತ್ತು ಇದು.

ಮುಚ್ಚಿ ಹಾಕಿದ್ದು ಇಜಿಆರ್. ಡೀಸೆಲ್ ಎಂಜಿನ್ನಿನೊಳಗೆ ಉರಿಯ ತಾಪ ವಿಪರೀತ ಏರಿದಾಗ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಅದನ್ನು ತಗ್ಗಿಸಲು, ಸೈಲೆನ್ಸರಿನತ್ತ ಹೊರಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಊಡಿಸುವ ಏರ್ಪಾಡು ಇದು. ಉರಿದು ಮುಗಿದ ಆ ಅನಿಲದಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಬಿಸಿಯೂ ಇಳಿಯುತ್ತದೆ.

ಆದರೆ ಹೊಗೆಯ ಮಸಿ ಎಂಜಿನ್ ಆಯಿಲಿನ ಆವಿಯೊಡನೆ ಬೆರೆತು ವಾಲ್ವಿನಲ್ಲಿ, ಇಂಟೇಕ್ ಮ್ಯಾನಿಫೋಲ್ಡಿನಲ್ಲಿ ಜಿಡ್ಡಾಗಿ ಕೂರುತ್ತದೆ. ಹೆದ್ದಾರಿಯಲ್ಲಿ ಓಡುವ ಕಾರಿಗೆ ಈ ಕಾಟ ತಡವಾಗಿ ಬರುತ್ತದೆ. ಗಾಂಧಿ ಬಜಾರಿನಿಂದ ಮಿನರ್ವ ವೃತ್ತ, ಜೆ.ಸಿ. ರಸ್ತೆ, ಟೌನ್‌ಹಾಲ್ ಹಾದು ಫಸ್ಟ್ ಗೇರು, ಸೆಕೆಂಡ್ ಗೇರಿನಲ್ಲೇ ತೆವಳುವ ಕಾರಿಗೆ ಬೇಗ ಬರುತ್ತದೆ. ವಾಲ್ವ್ ಅಂಟಿಕೊಂಡರೆ ಪಿಕಪ್ ಹೋಗುತ್ತದೆ, ಚೆಕ್ ಎಂಜಿನ್ ದೀಪ ಹತ್ತುತ್ತದೆ. ಹೊಸ ವಾಲ್ವಿನ ಬೆಲೆ ಕೇಳಿ ಮಾಲೀಕರು ಬೆಚ್ಚಿದಾಗ, ಗ್ಯಾರೇಜಿನವರಿಂದ ‘ಬ್ಲಾಕ್ ಮಾಡಿಬಿಡೋಣ ಸಾರ್’ ಎಂಬ ಮಾತು ಬರುತ್ತದೆ. ಲೋಹದ ಒಂದು ಸಣ್ಣ ತಗಡು ಹೊಗೆಯ ದಾರಿಯನ್ನು ಮುಚ್ಚುತ್ತದೆ. ದೀಪ ಹತ್ತದಂತೆ ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ, ರಿಮ್ಯಾಪ್ ಆಗುತ್ತದೆ.

ಈ ಮಾಲೀಕರನ್ನು ಖಳರೆಂದು ಕರೆಯಲು ನಾವು ಸಿದ್ಧರಿಲ್ಲ. ಪೆಟ್ರೋಲಿನ ಬೆಲೆ ನಿಯಂತ್ರಣ 2010ರ ಜೂನ್‌ನಲ್ಲಿ ಹೋಯಿತು, ಡೀಸೆಲಿನದು 2014ರ ಅಕ್ಟೋಬರ್‌ವರೆಗೂ ಉಳಿಯಿತು. ನಡುವಿನ ವರ್ಷಗಳಲ್ಲಿ ಎರಡರ ಅಂತರ ಲೀಟರಿಗೆ ಇಪ್ಪತ್ತು ರೂಪಾಯಿ ದಾಟಿದ್ದೂ ಇದೆ. ಮಧ್ಯಮ ವರ್ಗವನ್ನು ಡೀಸೆಲ್ಲಿಗೆ ದೂಡಿದ್ದು ಸರ್ಕಾರದ ನೀತಿಯೇ. ಆದರೆ ಬ್ಲಾಕ್ ಮಾಡಿದರೆ ಪಿಕಪ್ ಹೆಚ್ಚುತ್ತದೆ ಎಂಬ ಗ್ಯಾರೇಜಿನ ವಾದದಲ್ಲಿ ಹುರುಳು ಕಡಿಮೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಜಿಆರ್ ವಾಲ್ವ್ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಬ್ಲಾಕ್ ಮಾಡಿಸಿದ ಮೇಲೆ ಮರಳಿ ಬಂತೆನ್ನುವ ಪಿಕಪ್ ಬಹುಮಟ್ಟಿಗೆ ಮಸಿಯಿಂದ ಕಳೆದುಹೋಗಿದ್ದದ್ದು. ವಾಲ್ವ್ ಬಿಚ್ಚಿ ತೊಳೆಸಿದ್ದರೂ ಅದು ಬರುತ್ತಿತ್ತು.

ಇನ್ನು ನಮ್ಮ ತಪಾಸಣೆ. ಊರವರು ಎಮಿಷನ್ ಟೆಸ್ಟ್ ಎನ್ನುವ ಪರೀಕ್ಷೆ ಡೀಸೆಲ್ ಕಾರಿನಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ, ನೈಟ್ರೋಜನ್ ಆಕ್ಸೈಡುಗಳನ್ನಲ್ಲ. ಇಜಿಆರ್ ಮುಚ್ಚಿದಾಗ ಎಂಜಿನ್ನಿಗೆ ಆಮ್ಲಜನಕ ಹೆಚ್ಚು ಸಿಕ್ಕಿ ಮಸಿ ಕಡಿಮೆಯಾಗುತ್ತದೆ. ಹೀಗಾಗಿ ನಿಯಮ ಮುರಿದ ಕಾರು ಮೊದಲಿಗಿಂತ ಸಲೀಸಾಗಿ ಪಾಸಾಗುತ್ತದೆ. ಕಾರ್ಖಾನೆಯಲ್ಲಿ ನೈಟ್ರೋಜನ್ ಆಕ್ಸೈಡುಗಳಿಗೆ ಕಿಲೋಮೀಟರಿಗೆ 0.25 ಗ್ರಾಂ ಎಂದು ಕಟ್ಟುನಿಟ್ಟು ಮಾಡಿ, 2020ರಲ್ಲಿ ಬಿಎಸ್ 6 ಬಂದಾಗ ಅದನ್ನು 0.08ಕ್ಕೆ ಇಳಿಸಿದ ವ್ಯವಸ್ಥೆ, ಕಾರು ಶೋರೂಮಿನ ಬಾಗಿಲು ದಾಟಿದ ಮೇಲೆ ಅದೇ ಅನಿಲದ ಗೊಡವೆಗೆ ಹೋಗಲಿಲ್ಲ. ಹದಿನೈದು ವರ್ಷಗಳ ದೊಡ್ಡ ಸೋಲು ನಮ್ಮ ದೃಷ್ಟಿಯಲ್ಲಿ ಇದೇ.

2013ರಲ್ಲಿ ಹೊರಸೂಸುವಿಕೆ ನಿಯಮ ಪಾಲಿಸದ 1.14 ಲಕ್ಷ ತವೇರಾಗಳನ್ನು ಜನರಲ್ ಮೋಟಾರ್ಸ್ ವಾಪಸ್ ಕರೆಯಿತು. 2015ರ ಡಿಸೆಂಬರ್‌ನಲ್ಲಿ ಹೊರಸೂಸುವಿಕೆಯ ವಿವಾದದಲ್ಲಿ ಸಿಲುಕಿದ್ದ ಫೋಕ್ಸ್‌ವ್ಯಾಗನ್ ಸುಮಾರು 3.23 ಲಕ್ಷ ಕಾರುಗಳ ತಂತ್ರಾಂಶ ಸರಿಪಡಿಸುವುದಾಗಿ ಹೇಳಿತು. ಆಗ ಕಂಪನಿಗಳ ಮೇಲೆ ಸಿಡಿದೆದ್ದ ನಾವು, ನಮ್ಮ ಓಣಿಯ ಗ್ಯಾರೇಜಿನಲ್ಲಿ ನಡೆಯುತ್ತಿದ್ದುದೂ ಅದೇ ಅನಿಲವನ್ನು ಹೊರಬಿಡುವ ಕೆಲಸ ಎಂದು ಬರೆಯಬೇಕಿತ್ತು.

ನೈಟ್ರೋಜನ್ ಡೈಆಕ್ಸೈಡ್ ಶ್ವಾಸಕೋಶವನ್ನು ಕೆರಳಿಸುತ್ತದೆ, ಮಕ್ಕಳ ಉಬ್ಬಸ ಹೆಚ್ಚಿಸುತ್ತದೆ. ಬಿಸಿಲಿನಲ್ಲಿ ಓಝೋನ್ ಹುಟ್ಟಲೂ ಕಾರಣವಾಗುತ್ತದೆ. ರಸ್ತೆಯಿಂದ ದೂರ ಸರಿದಂತೆ ಅದರ ಪ್ರಮಾಣ ಇಳಿಯುವುದರಿಂದ ಹೆಚ್ಚು ಉಸಿರಾಡುವವರು ಯಾರೆಂದು ಊಹಿಸಬಹುದು: ಸಂಪಿಗೆ ರಸ್ತೆಯ ಬದಿ ವ್ಯಾಪಾರಿಗಳು, ಗಾಂಧಿ ಬಜಾರಿನ ಹೂವಿನವರು, ಚಾಮರಾಜಪೇಟೆಯ ಸಿಗ್ನಲ್ಲುಗಳಲ್ಲಿ ನಿಂತ ಟ್ರಾಫಿಕ್ ಪೊಲೀಸರು, ವಾಣಿವಿಲಾಸ ಆಸ್ಪತ್ರೆಯ ಮುಂದೆ ಕೂಸನ್ನೆತ್ತಿಕೊಂಡು ಆಟೊಗೆ ಕಾಯುವ ತಾಯಂದಿರು. ಅವರಲ್ಲಿ ಬಹುಮಂದಿಗೆ ಕಾರಿಲ್ಲ. ನಮ್ಮ ರಾಷ್ಟ್ರೀಯ ಮಾನದಂಡ ಈ ಅನಿಲಕ್ಕೆ ಘನ ಮೀಟರಿಗೆ ವಾರ್ಷಿಕ 40 ಮೈಕ್ರೊಗ್ರಾಂ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 10 ಸಾಕು ಎಂದಿತು.

ಕಾನೂನಿನ ಕೊರತೆಯಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ವಿಧಿಸಬಹುದು. ಪತ್ತೆ ಹಚ್ಚುವ ದಾರಿಯೂ ಇದೆ. 2013ರ ಏಪ್ರಿಲ್‌ನಿಂದ ಕಾರಿನ ದೋಷಗಳನ್ನು ತಾನೇ ಗುರುತಿಸುವ ಒಬಿಡಿ ವ್ಯವಸ್ಥೆ ಪೂರ್ಣ ರೂಪದಲ್ಲಿ ಕಡ್ಡಾಯ. ಆ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ ದೋಷ ಸಂಕೇತ ಓದಬಹುದು, ರಿಮ್ಯಾಪ್ ಆಗಿದ್ದರೆ ಇಸಿಯು ತಂತ್ರಾಂಶದ ಗುರುತನ್ನು ತಯಾರಕರ ದಾಖಲೆಯೊಡನೆ ತಾಳೆ ನೋಡಬಹುದು. ಬ್ರಿಟನ್ 2018ರ ಮೇ ತಿಂಗಳಿನಿಂದ, ಮಾಲಿನ್ಯ ತಡೆಯುವ ಭಾಗ ಕಾಣೆಯಾದ ಕಾರನ್ನು ವಾರ್ಷಿಕ ತಪಾಸಣೆಯಲ್ಲೇ ಫೇಲ್ ಮಾಡುತ್ತಿದೆ.

ಸಾರಿಗೆ ಇಲಾಖೆ ಎಫ್‌ಸಿ ನವೀಕರಣಕ್ಕೆ ದೋಷ ಸಂಕೇತ ಓದುವ, ತಂತ್ರಾಂಶ ತಾಳೆ ನೋಡುವ ಈ ಎರಡು ಪರೀಕ್ಷೆಗಳನ್ನು ಸೇರಿಸಲಿ. ಅದಕ್ಕೂ ಮೊದಲು, ತಗಡು ತೆಗೆಸಿ, ವಾಲ್ವ್ ತೊಳೆಸಿ, ಮೂಲ ತಂತ್ರಾಂಶ ಹಾಕಿಸಿಕೊಳ್ಳಲು ಮಾಲೀಕರಿಗೆ ಆರು ತಿಂಗಳ ಗಡುವು ಕೊಡಲಿ. ಆ ಗಡುವಿನೊಳಗೆ ಸರಿಪಡಿಸಿಕೊಂಡವರಿಗೆ ದಂಡ ಬೇಡ.