8 ಗ್ರಾಂ ಸರಕ್ಕೆ 81 ಗ್ರಾಂ ಬಿಲ್: ಮೆಥಡ್ ಕರೆಯುವ ಮುನ್ನ ಏನನ್ನು ಪರೀಕ್ಷಿಸಬೇಕು?

ರಾಬರ್ಟ್‌ಸನ್‌ಪೇಟೆಯ ಒಂದು ಚಿನ್ನದಂಗಡಿಯನ್ನು ಊಹಿಸಿಕೊಳ್ಳಿ. ಅಲ್ಲಿ ಬಿಲ್ ಹಾಕುವ ಪ್ರೋಗ್ರಾಂ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿದೆ. ಸರದ ತೂಕ 8 ಗ್ರಾಂ, ವೇಸ್ಟೇಜ್ 1 ಗ್ರಾಂ. ಒಟ್ಟು 9 ಗ್ರಾಂ ಆಗಬೇಕು. ಆದರೆ ಪರದೆಯ ಚೌಕದಲ್ಲಿ ಟೈಪ್ ಮಾಡಿದ 8 ಪ್ರೋಗ್ರಾಂಗೆ ಸಿಗುವುದು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ. ಅಕ್ಷರಕ್ಕೆ 1 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಎರಡನ್ನೂ ಪಕ್ಕಪಕ್ಕ ಜೋಡಿಸಿ "81" ಮಾಡುತ್ತದೆ. ಅದನ್ನು ದರದಿಂದ ಗುಣಿಸುವಾಗ ಮತ್ತೆ ಸಂಖ್ಯೆಯೆಂದೇ ಎಣಿಸುತ್ತದೆ. ಎಲ್ಲೂ ದೋಷದ ಸೂಚನೆ ಇಲ್ಲ. ಗಿರಾಕಿಯ ಕೈಗೆ 81 ಗ್ರಾಂನ ಬಿಲ್!

ಇದನ್ನು ಕೇಳಿದವರು "ಡೈನಾಮಿಕ್ ಭಾಷೆಗಳು ಟೈಪ್ ನೋಡುವುದೇ ಇಲ್ಲ" ಎನ್ನುವುದುಂಟು. ಇದು ಪೂರ್ತಿ ನಿಜವಲ್ಲ. ಪೈಥಾನ್‌ನಲ್ಲಿ ಇದೇ ಕೂಡಿಕೆ ಮಾಡಿದರೆ ತಕ್ಷಣ ದೋಷ ಬರುತ್ತದೆ. ಆದರೆ ಅಕ್ಷರ "8" ಅನ್ನು 7000ದಿಂದ ಗುಣಿಸಿದರೆ ಪೈಥಾನ್ ಸುಮ್ಮನೆ ಏಳು ಸಾವಿರ ಎಂಟುಗಳನ್ನು ಸಾಲಾಗಿ ಬರೆದುಕೊಡುತ್ತದೆ. ಅಂದರೆ ಈ ಭಾಷೆಗಳೂ ಟೈಪ್ ನೋಡುತ್ತವೆ. ಆದರೆ ಆ ಸಾಲು ಓಡುವ ಗಳಿಗೆಯಲ್ಲಿ ಮಾತ್ರ, ಮತ್ತು ತಮ್ಮದೇ ನಿಯಮದಂತೆ.

ಹಾಗಾದರೆ ದೋಷ ಬಂದಾಗ ನೋಡಿಕೊಂಡರಾಯಿತಲ್ಲ? ಅದು ಎಲ್ಲಿ ಬರುತ್ತದೆ ಎನ್ನುವುದೇ ಮುಖ್ಯ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳವಿತ್ತು. ತಪ್ಪು ಸಲಕರಣೆ ತಂದಿದ್ದೇವೆಂದು ಗಣಿಬಾಯಲ್ಲೇ ತಿಳಿಯುವುದಕ್ಕೂ ತಳಕ್ಕಿಳಿದ ಮೇಲೆ ತಿಳಿಯುವುದಕ್ಕೂ ಎಷ್ಟು ಅಂತರ! ಮೆಥಡ್ ಕೂಡ ಹಾಗೆಯೇ. ಸ್ಟಾಕ್‌ನಿಂದ ಸರವನ್ನು ಕಳೆದು, ಆಮೇಲೆ ಬೆಲೆ ಲೆಕ್ಕ ಹಾಕುವಾಗ ಅದು ನಿಂತುಹೋದರೆ, ಪುಸ್ತಕದಲ್ಲಿ ಸರವೂ ಇಲ್ಲ, ಹಣವೂ ಇಲ್ಲ. ಆದ್ದರಿಂದ ಏನನ್ನಾದರೂ ಬದಲಿಸುವ ಮುನ್ನವೇ ಆರ್ಗ್ಯುಮೆಂಟ್‌ಗಳನ್ನು ಪರೀಕ್ಷಿಸಬೇಕು.

ಪರೀಕ್ಷೆಯಲ್ಲಿ ಮೂರು ಹಂತಗಳಿವೆ.

ಮೊದಲನೆಯದು ಎಣಿಕೆ ಮತ್ತು ಹೆಸರು. ಮೆಥಡ್ ಎಷ್ಟು ಆರ್ಗ್ಯುಮೆಂಟ್ ಕೇಳುತ್ತದೆ ಎಂಬುದನ್ನು ಕರೆಯುವ ಮೊದಲೇ ತಿಳಿಯಬಹುದು. ಪೈಥಾನ್‌ನ ಇನ್‌ಸ್ಪೆಕ್ಟ್ ಮಾಡ್ಯೂಲ್, ರೂಬಿಯ ಅರಿಟಿ ಇರುವುದು ಇದಕ್ಕೇ.

ಎರಡನೆಯದು ಟೈಪ್. 2015ರಲ್ಲಿ ಬಂದ ಪೈಥಾನ್ 3.5ರಿಂದ ಟೈಪ್ ಸೂಚನೆ ಬರೆಯುವ ಪದ್ಧತಿ ನೆಲೆಗೊಂಡಿತು. ಆದರೆ ಓಡುವಾಗ ಪೈಥಾನ್ ತಾನಾಗಿ ಅದನ್ನು ಜಾರಿ ಮಾಡುವುದಿಲ್ಲ. ಮೈಪೈನಂಥ ಸಾಧನಗಳು ಮೊದಲೇ ಓದಿ ಎಚ್ಚರಿಸುತ್ತವೆ, ಅಷ್ಟೆ. ಗಿರಾಕಿ ನಾಳೆ ಏನು ಟೈಪ್ ಮಾಡುತ್ತಾರೆ ಎಂಬುದು ಅವಕ್ಕೆ ಕಾಣದು. ಕನ್ನಡದ ಅಂಕಿಯನ್ನೇ ನೋಡಿ: "೮" ಎಂದು ಕೊಟ್ಟರೆ ಪೈಥಾನ್ ಅದನ್ನು 8 ಎಂದು ಸರಿಯಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯಲ್ಲ' ಎನ್ನುತ್ತದೆ. ರೂಬಿಯ ಸರಳ ಪರಿವರ್ತನೆ ಸದ್ದಿಲ್ಲದೆ 0 ಕೊಡುತ್ತದೆ.

ಮೂರನೆಯದು ಅರ್ಥ. ಚಿನ್ನದ ವ್ಯಾಪಾರದಲ್ಲಿ ಒಂದು ಸವರನ್ ಎಂದರೆ 8 ಗ್ರಾಂ. ಗ್ರಾಂ ಕೇಳುವ ಮೆಥಡ್‌ಗೆ ಸವರನ್ ಲೆಕ್ಕದಲ್ಲಿ 1 ಎಂದು ಕೊಟ್ಟರೆ ಟೈಪ್ ಸರಿಯಾಗಿಯೇ ಇರುತ್ತದೆ, ಅಂಗಡಿಗೆ ಮಾತ್ರ 7 ಗ್ರಾಂ ನಷ್ಟ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ನಾಶವಾದದ್ದೂ ಇಂಥದ್ದರಿಂದಲೇ: ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ ಮಾನವೆಂದು ತಿಳಿದಿತ್ತು. ತೂಕ ಸೊನ್ನೆಗಿಂತ ಹೆಚ್ಚಿದೆಯೇ, ಮಾನ ಯಾವುದು ಎಂಬ ಪ್ರಶ್ನೆಗಳನ್ನು ಪ್ರೋಗ್ರಾಂ ಬರೆಯುವವರೇ ಕೇಳಬೇಕು. 'ತೂಕ' ಎನ್ನುವ ಬದಲು 'ತೂಕ_ಗ್ರಾಂ' ಎಂದು ಹೆಸರಿಟ್ಟರೂ ಅರ್ಧ ಗೊಂದಲ ತಪ್ಪುತ್ತದೆ.

ಹಾಗೆಂದು ಪ್ರತಿ ಮೆಥಡ್‌ನಲ್ಲೂ ತಪಾಸಣೆ ಇಡಬೇಕೇ? ಬೇಡ. ಅತಿಯಾದರೆ ಅದೇ ತೊಡಕು. ಬೆಲೆ 'ಫ್ಲೋಟ್' ಆಗಿರಲೇಬೇಕು ಎಂದು ಹಟ ಹಿಡಿದರೆ, ಹಣದ ಲೆಕ್ಕಕ್ಕೆ ಹೆಚ್ಚು ಸೂಕ್ತವಾದ 'ಡೆಸಿಮಲ್' ಕೂಡ ಹೊರಗುಳಿಯುತ್ತದೆ. ಮಾಹಿತಿ ಹೊರಗಿನಿಂದ ಒಳಬರುವ ಬಾಗಿಲಲ್ಲಿ, ಅಂದರೆ ಫಾರಂ, ಫೈಲ್, ಬೇರೆ ಸರ್ವರ್‌ನ ಉತ್ತರ ಬಂದಲ್ಲಿ, ಒಮ್ಮೆ ಚೆನ್ನಾಗಿ ಪರೀಕ್ಷಿಸಿ ಸರಿಯಾದ ರೂಪಕ್ಕೆ ತನ್ನಿ. ಹಣ, ಔಷಧಿಯ ಪ್ರಮಾಣ, ಅಳಿಸಿಹಾಕುವ ಕೆಲಸ ಇರುವಲ್ಲಿ ಕರೆಯುವ ಮುನ್ನ ಇನ್ನೊಮ್ಮೆ ನೋಡಿ. ಉಳಿದ ಕಡೆ ಭಾಷೆಯೇ ದೋಷ ತೋರಿಸಲಿ.